ವಿದೇಶದಲ್ಲಿ ಬೆಳೆದ ಮಕ್ಕಳು ತಾಯ್ನಾಡಿನ ನಗರಕ್ಕೆ ಬಂದಾಗ: ಪುಣೆಯ ಮಾರ್ಕೆಟ್ ಯಾರ್ಡ್‌ನಿಂದ ಒಸಿಐ ಕಾರ್ಡ್‌ವರೆಗೆ ತಿಳಿಯಬೇಕಾದ ಸಂಗತಿಗಳು

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಕೊಲ್ಲಿ ರಾಷ್ಟ್ರಗಳಲ್ಲಿ ಹುಟ್ಟಿ ಬೆಳೆದ ಭಾರತೀಯ ಮೂಲದ ಯುವಕ ಯುವತಿಯರು ಓದಿಗೆ, ಕೆಲಸಕ್ಕೆ ಅಥವಾ ಅಜ್ಜ-ಅಜ್ಜಿಯ ಜೊತೆ ಕೆಲವು ತಿಂಗಳು ಇರಲು ಭಾರತಕ್ಕೆ ಬರುತ್ತಾರೆ. ವಿದೇಶಾಂಗ ಸಚಿವಾಲಯದ ಅಂಕಿ-ಅಂಶದ ಪ್ರಕಾರ ಹೊರದೇಶಗಳಲ್ಲಿರುವ ಭಾರತೀಯರು ಮತ್ತು ಭಾರತೀಯ ಮೂಲದವರ ಸಂಖ್ಯೆ ಸುಮಾರು 3.5 ಕೋಟಿ. ಇವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇರೆ ದೇಶದ ಪೌರತ್ವ ಹೊಂದಿದವರು.

ಈ ಮಕ್ಕಳಿಗೆ ತಂದೆ ತಾಯಿ ಹೇಳಿದ ಭಾರತ ಒಂದು, ವಿಮಾನ ಇಳಿದ ಮೇಲೆ ಕಾಣುವ ಭಾರತ ಇನ್ನೊಂದು. ತಂದೆ ತಾಯಿ ದೇಶ ಬಿಟ್ಟಾಗ ಟ್ರಂಕ್ ಕಾಲ್, ಎಸ್‌ಟಿಡಿ ಬೂತ್, ರೇಷನ್ ಸಾಲು, ಅಂಬಾಸಿಡರ್ ಟ್ಯಾಕ್ಸಿ ಇದ್ದವು. ಮಕ್ಕಳು ಬಂದಿಳಿಯುವುದು ಮೆಟ್ರೋ, ಕ್ಯೂಆರ್ ಕೋಡ್, ನಿಮಿಷಗಳಲ್ಲಿ ಮನೆಗೆ ಬರುವ ದಿನಸಿಯ ನಗರಕ್ಕೆ. ಹಾಗೆಂದು ಹಳೆಯದು ಹೋಗಿಲ್ಲ. ಎರಡೂ ಒಂದೇ ಬೀದಿಯಲ್ಲಿವೆ. ಇದನ್ನು ಕಣ್ಣಾರೆ ನೋಡಲು ಪುಣೆಯ ಮಾರ್ಕೆಟ್ ಯಾರ್ಡ್ ಒಳ್ಳೆಯ ಜಾಗ.

ಮಾರ್ಕೆಟ್ ಯಾರ್ಡ್ ಎಲ್ಲಿದೆ, ಏನಿದೆ?

ಪುಣೆಯ ಗುಲ್ಟೇಕಡಿ ಪ್ರದೇಶದಲ್ಲಿ, ಸ್ವಾರಗೇಟ್ ಬಸ್ ನಿಲ್ದಾಣಕ್ಕೆ ಹತ್ತಿರದಲ್ಲೇ ಇರುವ ಸಗಟು ಮಾರುಕಟ್ಟೆ ಇದು. ಪುಣೆ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿ ಇದನ್ನು ನಡೆಸುತ್ತದೆ. ತರಕಾರಿ, ಹಣ್ಣು, ಹೂವು, ಈರುಳ್ಳಿ-ಆಲೂಗಡ್ಡೆ, ಕಾಳು-ಕಡಿಗೆ ಬೇರೆ ಬೇರೆ ವಿಭಾಗಗಳಿವೆ. ಸುತ್ತಲಿನ ಬಡಾವಣೆಗೂ ಮಾರ್ಕೆಟ್ ಯಾರ್ಡ್ ಎಂದೇ ಹೆಸರು. ಬೆಂಗಳೂರಿನವರಿಗೆ ಯಶವಂತಪುರ ಎಪಿಎಂಸಿ ಇದ್ದಂತೆ ಎಂದರೆ ಬೇಗ ಅರ್ಥವಾಗುತ್ತದೆ.

ರಾತ್ರಿಯಿಡೀ ಲಾರಿಗಳು ಬರುತ್ತವೆ. ಬೆಳಗಿನ ಜಾವದಿಂದಲೇ ವ್ಯಾಪಾರ ಶುರು. ಬಿಸಿಲೇರುವ ಹೊತ್ತಿಗೆ ಮುಖ್ಯ ವಹಿವಾಟು ಮುಗಿದಿರುತ್ತದೆ. ಸೂಪರ್ ಮಾರ್ಕೆಟ್‌ನ ಶೆಲ್ಫ್‌ನಲ್ಲಷ್ಟೇ ತರಕಾರಿ ಕಂಡವರಿಗೆ ರೈತ, ದಲಾಲಿ, ಹಮಾಲ, ಚಿಲ್ಲರೆ ವ್ಯಾಪಾರಿ ಎಂಬ ಇಡೀ ಸರಪಳಿ ಇಲ್ಲಿ ಒಂದೇ ನೋಟಕ್ಕೆ ಸಿಗುತ್ತದೆ.

ಇಲ್ಲಿನ ಹಮಾಲರ ಕಥೆ ತಿಳಿಯದೆ ಈ ಮಾರುಕಟ್ಟೆ ಅರ್ಥವಾಗುವುದಿಲ್ಲ. ಡಾ. ಬಾಬಾ ಆಢಾವ್ ಕಟ್ಟಿದ ಹಮಾಲ್ ಪಂಚಾಯತ್ ಪುಣೆಯ ಮೂಟೆ ಹೊರುವ ಕಾರ್ಮಿಕರನ್ನು ಸಂಘಟಿಸಿತು. ಮಹಾರಾಷ್ಟ್ರ ಸರ್ಕಾರ 1969ರಲ್ಲಿ ಮಾಥಾಡಿ ಮತ್ತು ಹಮಾಲರಿಗಾಗಿಯೇ ಪ್ರತ್ಯೇಕ ಕಾಯ್ದೆ ತಂದಿತು. ದಿನಗೂಲಿಯ ಈ ಕೆಲಸಕ್ಕೆ ನೋಂದಣಿ, ಭವಿಷ್ಯ ನಿಧಿಯಂತಹ ಸೌಲಭ್ಯ ಸಿಗುವ ದಾರಿ ಅದರಿಂದ ತೆರೆಯಿತು. ಹಮಾಲ್ ಪಂಚಾಯತ್ 1970ರ ದಶಕದಲ್ಲಿ ಆರಂಭಿಸಿದ 'ಕಷ್ಟಾಚಿ ಭಾಕರ್' ಎಂಬ ಅಗ್ಗದ ಊಟದ ಕೇಂದ್ರಗಳು ನಗರದಲ್ಲಿ ಹೆಸರುವಾಸಿ. ಹೆಸರಿನ ಅರ್ಥ ದುಡಿಮೆಯ ರೊಟ್ಟಿ. ಅಲ್ಲಿ ಸಿಗುವ ಭಾಕರಿ ಉತ್ತರ ಕರ್ನಾಟಕದವರಿಗೆ ಹೊಸದೇನಲ್ಲ, ನಮ್ಮ ಜೋಳದ ರೊಟ್ಟಿಯೇ.

ಮೆಟ್ರೋ ಕೂಡ ಇತ್ತ ಬರುತ್ತಿದೆ. ಪುಣೆ ಮೆಟ್ರೋದ ಜಿಲ್ಲಾ ನ್ಯಾಯಾಲಯ-ಸ್ವಾರಗೇಟ್ ಸುರಂಗ ಮಾರ್ಗ 2024ರ ಸೆಪ್ಟೆಂಬರ್ 29ರಂದು ಉದ್ಘಾಟನೆಯಾಯಿತು. ಅದಕ್ಕೂ ಮುನ್ನ ಆಗಸ್ಟ್‌ನಲ್ಲಿ ಸ್ವಾರಗೇಟ್‌ನಿಂದ ಕಾತ್ರಜ್‌ವರೆಗಿನ 5.46 ಕಿ.ಮೀ. ಸುರಂಗ ಮಾರ್ಗಕ್ಕೆ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ಮಾರ್ಕೆಟ್ ಯಾರ್ಡ್ ಆ ಮಾರ್ಗದಲ್ಲಿದೆ. ಅಂದರೆ ಮೇಲೆ ಕೈಗಾಡಿ, ಕೆಳಗೆ ಮೆಟ್ರೋ.

ಪುಣೆಗೂ ಕನ್ನಡಿಗರಿಗೂ ಏನು ನಂಟು?

ವಿದೇಶದಲ್ಲಿರುವ ಅನೇಕ ಕನ್ನಡ ಕುಟುಂಬಗಳಿಗೆ 'ಊರು' ಎಂದರೆ ಒಂದೇ ಊರಲ್ಲ. ಅಜ್ಜ ಉಡುಪಿ ಅಥವಾ ಬೆಳಗಾವಿಯಿಂದ ಪುಣೆಗೆ ಬಂದವರು, ಅಪ್ಪ ಪುಣೆಯಿಂದ ಅಮೆರಿಕಕ್ಕೆ ಹೋದವರು ಎಂಬ ಕುಟುಂಬಗಳು ಸಾಕಷ್ಟಿವೆ. ಮಕ್ಕಳು ಬರುವುದು ಪುಣೆಯ ಅಜ್ಜಿ ಮನೆಗೆ, ಆದರೆ ಮನೆದೇವರು ಕರ್ನಾಟಕದಲ್ಲಿ. ಅಮೆರಿಕದಲ್ಲಿ ಅವರು ಭಾರತೀಯರು, ಪುಣೆಯಲ್ಲಿ ಕನ್ನಡದವರು, ಕರ್ನಾಟಕದ ನೆಂಟರ ಮನೆಯಲ್ಲಿ ಪುಣೆಯವರು.

ಈ ನಂಟಿನ ಗುರುತುಗಳು ನಗರದ ಉದ್ದಕ್ಕೂ ಇವೆ. ಗದಗಿನಲ್ಲಿ ಹುಟ್ಟಿದ ಪಂಡಿತ್ ಭೀಮಸೇನ ಜೋಶಿ ನೆಲೆಸಿದ್ದು ಪುಣೆಯಲ್ಲಿ. ಕುಂದಗೋಳದ ತಮ್ಮ ಗುರು ಸವಾಯಿ ಗಂಧರ್ವರ ಹೆಸರಿನಲ್ಲಿ 1953ರಿಂದ ನಡೆದುಬಂದ ಸಂಗೀತೋತ್ಸವ ಇಂದಿಗೂ ನಗರದ ದೊಡ್ಡ ಹಬ್ಬ. ಫರ್ಗ್ಯುಸನ್ ಕಾಲೇಜು ರಸ್ತೆಯ 'ವೈಶಾಲಿ' ಹೋಟೆಲನ್ನು ಬೆಳೆಸಿದ್ದು ಕರಾವಳಿಯ ಜಗನ್ನಾಥ ಶೆಟ್ಟಿ. 1981ರಲ್ಲಿ ಇನ್ಫೋಸಿಸ್ ಶುರುವಾಗಿದ್ದು ಪುಣೆಯಲ್ಲಿ, ಬೆಂಗಳೂರಿಗೆ ಬಂದಿದ್ದು 1983ರಲ್ಲಿ. ಡಾ. ಕಲ್ಮಾಡಿ ಶಾಮರಾವ್ ಹೆಸರಿನ ಕನ್ನಡ ಶಾಲೆಯೂ ಈ ನಗರದಲ್ಲಿದೆ.

ಮಾರ್ಕೆಟ್ ಯಾರ್ಡ್‌ನಲ್ಲೂ ಕರ್ನಾಟಕದ ಹೆಸರು ಕೇಳುತ್ತದೆ. ಮಾವಿನ ಹಂಗಾಮಿನಲ್ಲಿ ಕೊಂಕಣದ ಆಪೂಸ್ ಜೊತೆಗೆ 'ಕರ್ನಾಟಕ ಆಪೂಸ್' ಕೂಡ ಲಾರಿಗಟ್ಟಲೆ ಬರುತ್ತದೆ. ತಳಿ ಒಂದೇ, ಬೆಲೆ ಬೇರೆ. ರತ್ನಾಗಿರಿ, ಸಿಂಧುದುರ್ಗ ಮತ್ತು ನೆರೆಯ ಕೊಂಕಣ ಜಿಲ್ಲೆಗಳ ಆಪೂಸ್‌ಗೆ 2018ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಹಾಗಾಗಿ ಕರ್ನಾಟಕದ ಹಣ್ಣನ್ನು ರತ್ನಾಗಿರಿ ಎಂದು ಮಾರುವಂತಿಲ್ಲ. ಕೊಳ್ಳುವವರು ಹಣ್ಣು ಎಲ್ಲಿಂದ ಬಂದದ್ದು ಎಂದು ಕೇಳಿ, ಮೂಸಿ ನೋಡಿ ಕೊಳ್ಳುವುದು ಒಳ್ಳೆಯದು.

ಮೊದಲ ತೊಡಕು: ಹತ್ತು ಅಂಕಿಯ ಮೊಬೈಲ್ ಸಂಖ್ಯೆ

ಹೊರಗಿನಿಂದ ಬಂದವರು ಕೊಳೆ, ಗದ್ದಲ, ಟ್ರಾಫಿಕ್‌ಗೆ ಸಿದ್ಧರಾಗಿಯೇ ಬಂದಿರುತ್ತಾರೆ. ಅವರು ಎಣಿಸದೇ ಇದ್ದದ್ದು ಮೊಬೈಲ್ ಸಂಖ್ಯೆಯ ತೊಡಕು. ಎನ್‌ಪಿಸಿಐ 2016ರ ಏಪ್ರಿಲ್‌ನಲ್ಲಿ ಆರಂಭಿಸಿದ ಯುಪಿಐ ಈಗ ಕೊತ್ತಂಬರಿ ಸೊಪ್ಪಿನ ಗಾಡಿಯವರೆಗೂ ಹೋಗಿದೆ. ಆದರೆ ಅದು ನಡೆಯುವುದು ಭಾರತದ ಬ್ಯಾಂಕ್ ಖಾತೆ ಮತ್ತು ಅದಕ್ಕೆ ಜೋಡಿಸಿದ ಮೊಬೈಲ್ ಸಂಖ್ಯೆಯ ಮೇಲೆ. ಲಂಡನ್ನಿನ ಕ್ರೆಡಿಟ್ ಕಾರ್ಡ್ ಜೇಬಿನಲ್ಲಿದ್ದರೂ ಸೊಪ್ಪಿನ ಗಾಡಿಯ ಮುಂದೆ ಅದು ಪ್ಲಾಸ್ಟಿಕ್ ತುಂಡು. ಕೆಲವು ಆ್ಯಪ್‌ಗಳು ಒಟಿಪಿ ಇಲ್ಲದೆ ಮುಂದಕ್ಕೇ ಹೋಗುವುದಿಲ್ಲ.

ಇದಕ್ಕೆ ಇರುವ ದಾರಿಗಳು:

* ಅಲ್ಪಾವಧಿಗೆ ಬರುವ ವಿದೇಶಿ ಪಾಸ್‌ಪೋರ್ಟ್‌ದಾರರಿಗೆ 'ಯುಪಿಐ ಒನ್ ವರ್ಲ್ಡ್' ಎಂಬ ಪ್ರೀಪೇಯ್ಡ್ ವ್ಯಾಲೆಟ್ ಇದೆ. 2023ರ ಜಿ20 ವರ್ಷದಲ್ಲಿ ಇದು ಬಳಕೆಗೆ ಬಂತು. ಭಾರತದ ಬ್ಯಾಂಕ್ ಖಾತೆ ಬೇಕಿಲ್ಲ.
* ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆ ಇದ್ದವರು ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ಸಿಂಗಾಪುರ, ಯುಎಇ ಸೇರಿದಂತೆ ಕೆಲವು ದೇಶಗಳ ಮೊಬೈಲ್ ಸಂಖ್ಯೆಯಿಂದಲೇ ಯುಪಿಐ ಬಳಸಲು 2023ರಲ್ಲಿ ಅವಕಾಶ ನೀಡಲಾಗಿದೆ. ನಿಮ್ಮ ಬ್ಯಾಂಕ್ ಈ ಸೌಲಭ್ಯ ಕೊಡುತ್ತದೆಯೇ ಎಂದು ಹೊರಡುವ ಮೊದಲೇ ಕೇಳಿ.
* ಒಸಿಐ ಕಾರ್ಡ್ ಇರುವವರು ಹಿಂದಿನ 12 ತಿಂಗಳಲ್ಲಿ 182 ದಿನ ಅಥವಾ ಅದಕ್ಕಿಂತ ಹೆಚ್ಚು ಭಾರತದಲ್ಲಿದ್ದರೆ ಆಧಾರ್‌ಗೆ ಅರ್ಜಿ ಹಾಕಬಹುದು. ಭಾರತೀಯ ಪಾಸ್‌ಪೋರ್ಟ್ ಇರುವ ಎನ್‌ಆರ್‌ಐ ಮಕ್ಕಳಿಗೆ ಈ ಅವಧಿಯ ಷರತ್ತಿಲ್ಲ.
* ಇದಾವುದೂ ಆಗುವವರೆಗೆ ಕೈಯಲ್ಲಿ ನೂರು, ಇನ್ನೂರರ ನೋಟುಗಳಿರಲಿ.

ಒಸಿಐ ಕಾರ್ಡ್ ಏನು ಕೊಡುತ್ತದೆ, ಏನು ಕೊಡುವುದಿಲ್ಲ?

ಭಾರತದಲ್ಲಿ ದ್ವಿಪೌರತ್ವ ಇಲ್ಲ. ಬೇರೆ ದೇಶದ ಪೌರತ್ವ ಪಡೆದ ಭಾರತೀಯ ಮೂಲದವರಿಗೆ ಇರುವುದು ಒಸಿಐ, ಅಂದರೆ ಸಾಗರೋತ್ತರ ಭಾರತೀಯ ಪೌರ ಎಂಬ ನೋಂದಣಿ. 2006ರ ಪ್ರವಾಸಿ ಭಾರತೀಯ ದಿವಸದಂದು ಇದಕ್ಕೆ ಚಾಲನೆ ಸಿಕ್ಕಿತು. ಹಳೆಯ ಪಿಐಒ ಕಾರ್ಡ್ ಯೋಜನೆಯನ್ನು 2015ರ ಜನವರಿಯಲ್ಲಿ ಇದರೊಂದಿಗೆ ವಿಲೀನಗೊಳಿಸಲಾಯಿತು. ಹೆಸರಿನಲ್ಲಿ 'ಪೌರ' ಎಂದಿದ್ದರೂ ಇದು ಪೌರತ್ವವಲ್ಲ. ಮನೆಯ ಹಿರಿಯರೂ ಎಡವುವುದು ಇಲ್ಲೇ.

ಸಿಗುವುದು: ಜೀವನಪರ್ಯಂತ ಎಷ್ಟು ಬಾರಿಯಾದರೂ ಬಂದು ಹೋಗುವ ವೀಸಾ. ಎಷ್ಟೇ ದಿನ ಇದ್ದರೂ ವಿದೇಶಿಯರ ಪ್ರಾದೇಶಿಕ ನೋಂದಣಿ ಕಚೇರಿಗೆ ಅಲೆಯಬೇಕಿಲ್ಲ. ದೇಶದೊಳಗಿನ ವಿಮಾನ ದರ, ಸ್ಮಾರಕ ಮತ್ತು ರಾಷ್ಟ್ರೀಯ ಉದ್ಯಾನಗಳ ಪ್ರವೇಶ ಶುಲ್ಕದಲ್ಲಿ ಭಾರತೀಯರಿಗೆ ಸಮ. ಉದಾಹರಣೆಗೆ ಹಂಪಿಯ ವಿಠ್ಠಲ ದೇವಾಲಯಕ್ಕೆ ಭಾರತೀಯರಿಗೆ 40 ರೂಪಾಯಿ, ವಿದೇಶಿಯರಿಗೆ 600 ರೂಪಾಯಿ ಟಿಕೆಟ್ ನಿಗದಿಯಾಗಿದೆ. ಕಾರ್ಡ್ ತೋರಿಸಿದರೆ ಭಾರತೀಯರ ದರವೇ ಅನ್ವಯ.

ಸಿಗದಿರುವುದು: ಮತದಾನದ ಹಕ್ಕು, ಚುನಾವಣೆಗೆ ಸ್ಪರ್ಧಿಸುವ ಹಕ್ಕು, ಸಾಮಾನ್ಯವಾಗಿ ಸರ್ಕಾರಿ ನೌಕರಿ. ಸಂಶೋಧನೆ, ಪತ್ರಿಕೋದ್ಯಮ, ಪರ್ವತಾರೋಹಣ, ಧರ್ಮ ಪ್ರಚಾರಕ್ಕೆ ಮುಂಚಿತವಾಗಿ ವಿಶೇಷ ಅನುಮತಿ ಬೇಕು.

ಜಮೀನಿನ ವಿಷಯದಲ್ಲೂ ಎಚ್ಚರ ಬೇಕು. ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳಬಹುದು ಎಂದು ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದಿತು. ಆದರೆ ಒಸಿಐ ಕಾರ್ಡ್‌ದಾರರು ಕೃಷಿ ಜಮೀನು, ತೋಟ, ಫಾರ್ಮ್ ಹೌಸ್ ಖರೀದಿಸದಂತೆ ವಿದೇಶಿ ವಿನಿಮಯ ನಿಯಮ ತಡೆಯುತ್ತದೆ. ಅಜ್ಜನ ಹೊಲ ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು. ಪಕ್ಕದ ಹೊಲ ಕೊಳ್ಳಲಾಗದು.

ಸೀಟಿನ ಪ್ರಶ್ನೆ: ಅತಿ ಹೆಚ್ಚು ನೋವು ಕೊಟ್ಟ ನಿಯಮ

ಮಗು ಹುಟ್ಟಿದ್ದು ಅಮೆರಿಕದಲ್ಲಿ, ಒಂದನೇ ತರಗತಿಯಿಂದ ಓದಿದ್ದು ಬೆಂಗಳೂರಿನಲ್ಲೋ ಪುಣೆಯಲ್ಲೋ. ಇಂಥ ಮಕ್ಕಳು ವೈದ್ಯಕೀಯ ಸೀಟಿಗೆ ಅರ್ಜಿ ಹಾಕುವಾಗ ಮೊದಲ ಬಾರಿಗೆ ತಾವು 'ವಿದೇಶಿ' ಎಂದು ತಿಳಿಯುತ್ತಾರೆ. ಒಸಿಐ ವಿದ್ಯಾರ್ಥಿಗಳನ್ನು ಪ್ರವೇಶಾತಿಯಲ್ಲಿ ಭಾರತೀಯ ವಿದ್ಯಾರ್ಥಿಗಳಂತೆ ಕಾಣಬೇಕೆಂದು ಕರ್ನಾಟಕ ಹೈಕೋರ್ಟ್ 2020ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತ್ತು. ಆದರೆ ಕೇಂದ್ರ ಗೃಹ ಸಚಿವಾಲಯ 2021ರ ಮಾರ್ಚ್ 4ರಂದು ಹೊಸ ಅಧಿಸೂಚನೆ ಹೊರಡಿಸಿತು. ನೀಟ್, ಜೆಇಇ ಬರೆಯಬಹುದು, ಆದರೆ ಭಾರತೀಯರಿಗೆ ಮೀಸಲಾದ ಸೀಟುಗಳಿಗೆ ಅರ್ಹತೆ ಇಲ್ಲ, ಎನ್‌ಆರ್‌ಐ ಅಥವಾ ಸೂಪರ್‌ನ್ಯೂಮರರಿ ಸೀಟುಗಳಿಗೆ ಮಾತ್ರ ಎಂದಿತು.

ಸುಪ್ರೀಂ ಕೋರ್ಟ್ 2023ರ ಫೆಬ್ರವರಿ 3ರಂದು ಈ ನಿಯಮವನ್ನು ರದ್ದು ಮಾಡಲಿಲ್ಲ, ಆದರೆ ಪೂರ್ವಾನ್ವಯವಾಗದು ಎಂದು ಹೇಳಿತು. ಹೀಗಾಗಿ ಕಾರ್ಡ್ ಪಡೆದ ದಿನಾಂಕವೇ ನಿರ್ಣಾಯಕ. 2021ರ ಮಾರ್ಚ್ 4ಕ್ಕಿಂತ ಮೊದಲು ಒಸಿಐ ಪಡೆದವರಿಗೆ ಹಳೆಯ ಹಕ್ಕು ಉಳಿಯುತ್ತದೆ, ನಂತರ ಪಡೆದವರಿಗೆ ಇಲ್ಲ. ಮಕ್ಕಳನ್ನು ಇಲ್ಲೇ ಓದಿಸುವ ಯೋಚನೆ ಇರುವ ಪೋಷಕರು ಪಿಯುಸಿವರೆಗೆ ಕಾಯದೆ ಈ ಲೆಕ್ಕ ಹಾಕುವುದು ಒಳಿತು. ಎಂಜಿನಿಯರಿಂಗ್‌ಗೆ ಬಂದರೆ, ಎನ್‌ಐಟಿಗಳಿಗೆ 'ಡಾಸಾ' ಎಂಬ ಪ್ರತ್ಯೇಕ ಪ್ರವೇಶ ಮಾರ್ಗವಿದೆ.

ಬಂದು ನೋಡಲು ಸರ್ಕಾರಿ ಯೋಜನೆ

ಭಾರತೀಯ ಮೂಲದ ವಿದೇಶಿ ಯುವಜನರಿಗಾಗಿ ವಿದೇಶಾಂಗ ಸಚಿವಾಲಯ 2003-04ರಿಂದ 'ನೋ ಇಂಡಿಯಾ ಪ್ರೋಗ್ರಾಂ' ನಡೆಸುತ್ತಿದೆ. ಕೆಲವು ವಾರಗಳ ಈ ಪ್ರವಾಸದಲ್ಲಿ ದೆಹಲಿಯ ಜೊತೆಗೆ ಯಾವುದಾದರೂ ರಾಜ್ಯದ ಊರು, ಕೈಗಾರಿಕೆ, ಹಳ್ಳಿ, ಸಂಸ್ಥೆಗಳನ್ನು ತೋರಿಸುತ್ತಾರೆ. ವಿಮಾನ ವೆಚ್ಚದ ಬಹುಪಾಲನ್ನು ಸರ್ಕಾರ ಹಿಂದಿರುಗಿಸುತ್ತದೆ. ಫಿಜಿ, ಮಾರಿಷಸ್, ಸುರಿನಾಮ್‌ನಂತಹ ದೇಶಗಳಿಗೆ ಕೂಲಿಗಳಾಗಿ ಹೋದವರ ವಂಶಸ್ಥರಿಗೆ ಆದ್ಯತೆ. ಅರ್ಜಿ ಹಾಕುವುದು ಆಯಾ ದೇಶದ ಭಾರತೀಯ ರಾಯಭಾರ ಕಚೇರಿಯ ಮೂಲಕ.

ಬಂದವರು ಏನಾದರು?

ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿದ ಪತ್ರಕರ್ತ ಆನಂದ್ ಗಿರಿಧರದಾಸ್ 2003ರಲ್ಲಿ ಕೆಲಸಕ್ಕೆಂದು ಮುಂಬೈಗೆ ಬಂದರು. ತಂದೆ ತಾಯಿ ಬಿಟ್ಟುಹೋದ ದೇಶವೇ ಬದಲಾಗಿದ್ದನ್ನು ಕಂಡು 'ಇಂಡಿಯಾ ಕಾಲಿಂಗ್' ಬರೆದರು. ಅದು 2011ರಲ್ಲಿ ಪ್ರಕಟವಾಯಿತು.

ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಬೆಳೆದ ಡಾ. ವಿವೇಕ್ ಮೂರ್ತಿ ಅವರ ಮೂಲ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. ಕಾಲೇಜು ದಿನಗಳಲ್ಲೇ, 1995ರಲ್ಲಿ, ಸಹೋದರಿಯೊಂದಿಗೆ ಸೇರಿ ಭಾರತ ಮತ್ತು ಅಮೆರಿಕದಲ್ಲಿ ಎಚ್‌ಐವಿ ಜಾಗೃತಿಯ ಸಂಸ್ಥೆ ಕಟ್ಟಿದರು. ಮುಂದೆ ಎರಡು ಬಾರಿ ಅಮೆರಿಕದ ಸರ್ಜನ್ ಜನರಲ್ ಆದರು.

ವೆಲ್ಲಿಂಗ್ಟನ್‌ನಲ್ಲಿ ಹುಟ್ಟಿದ ಕ್ರಿಕೆಟಿಗ ರಚಿನ್ ರವೀಂದ್ರ ಅವರ ತಂದೆ ತಾಯಿ ಬೆಂಗಳೂರಿನವರು. 2023ರ ವಿಶ್ವಕಪ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಪಾಕಿಸ್ತಾನದ ವಿರುದ್ಧ 108 ರನ್ ಹೊಡೆದಾಗ ಬೆಂಗಳೂರಿಗರು ಅವರನ್ನು ಮನೆಮಗನಂತೆ ಹುರಿದುಂಬಿಸಿದರು. 2024ರ ಅಕ್ಟೋಬರ್‌ನಲ್ಲಿ ಅದೇ ಮೈದಾನದಲ್ಲಿ ಭಾರತದ ವಿರುದ್ಧವೇ 134 ರನ್ ಗಳಿಸಿ, 1988ರ ನಂತರ ಭಾರತದ ನೆಲದಲ್ಲಿ ನ್ಯೂಜಿಲೆಂಡ್‌ಗೆ ಮೊದಲ ಟೆಸ್ಟ್ ಗೆಲುವು ತಂದುಕೊಡುವಲ್ಲಿ ನೆರವಾದರು.

ಮಾತು ಮತ್ತು ಮನೆಯವರು

ವಿದೇಶದಲ್ಲಿ ಬೆಳೆದ ಹೆಚ್ಚಿನ ಮಕ್ಕಳಿಗೆ ಕನ್ನಡ ಅರ್ಥವಾಗುತ್ತದೆ, ಮಾತಾಡಲು ನಾಲಿಗೆ ತಿರುಗುವುದಿಲ್ಲ. ಮಹಾನಗರದಲ್ಲಿ ಎಲ್ಲರೂ ಇಂಗ್ಲಿಷ್‌ನಲ್ಲೇ ಉತ್ತರಿಸುವುದರಿಂದ ಕಲಿಯುವ ಅವಕಾಶವೂ ಕಡಿಮೆ. ಇದಕ್ಕೆ ಮಾಲ್‌ಗಿಂತ ಮಂಡಿ ಮೇಲು. ಮಾರ್ಕೆಟ್ ಯಾರ್ಡ್‌ನಲ್ಲಿ ಮರಾಠಿಯ 'ಕಾಕಾ', 'ಮಾವಶಿ', 'ದಾದಾ' ಎಂದು ಕರೆದರೆ ಮಾತು ತಾನಾಗಿ ಶುರುವಾಗುತ್ತದೆ. ಹುಬ್ಬಳ್ಳಿ-ಬೆಳಗಾವಿ ಕಡೆಯ ಮನೆಗಳಲ್ಲಿ ಕಾಕಾ, ಮಾವಶಿ ಹೇಗೂ ಬಳಕೆಯಲ್ಲಿವೆ. ಎಣಿಕೆ, ತೂಕ, ಬೆಲೆ, 'ಬೇಡ', 'ಸಾಕು' ಎಂಬಷ್ಟು ಮಾತು ಬಂದರೆ ಸಂತೆಯಲ್ಲಿ ಒಬ್ಬರೇ ಓಡಾಡಬಹುದು.

ಮನೆಯ ಹಿರಿಯರಿಗೂ ಒಂದು ಮಾತು. ಬಂದ ಮಕ್ಕಳನ್ನು ದೇವಸ್ಥಾನ, ಮದುವೆ, ಮಾಲ್ ಎಂದು ಕಾರಿನಲ್ಲೇ ಸುತ್ತಿಸಿದರೆ ಅವರಿಗೆ ಊರು ಸಿಗುವುದಿಲ್ಲ. ಒಂದು ದಿನ ಬೆಳಗ್ಗೆ ಕೈಚೀಲ ಕೊಟ್ಟು, ಎರಡು ಕಿಲೋ ಟೊಮೆಟೊ ಮತ್ತು ಮೊಳ ಹೂವು ತರಲು ಒಬ್ಬರನ್ನೇ ಕಳುಹಿಸಿ. ಮೊದಲ ಸಲ ಹತ್ತು ರೂಪಾಯಿ ಹೆಚ್ಚು ಕೊಟ್ಟು ಬಂದಾರು. ಎರಡನೇ ಸಲ ಅದೇ ಅಂಗಡಿಯವರು ಗುರುತು ಹಿಡಿದು ಮಾತಾಡಿಸುತ್ತಾರೆ.