ಕೆರೆಗೋಡು: ನಾನು ಬಿಟ್ಟ ಪಾಠ

ಬೇಲೂರಿನ ಚೆನ್ನಕೇಶವನ ಪ್ರತಿಷ್ಠೆ 1117, ಅರಸೀಕೆರೆಯ ಈಶ್ವರ ದೇಗುಲ 1220 ಎಂದು ತರಗತಿಯಲ್ಲಿ ಬಾಯಿಪಾಠ ಮಾಡಿಸಿದೆ. ಅರಸೀಕೆರೆ ಎಂಬ ಹೆಸರಿನಲ್ಲಿಯೂ ಹಳೇಬೀಡಿನ ಹಳೆಯ ಹೆಸರಾದ ದೋರಸಮುದ್ರದಲ್ಲಿಯೂ ಕೆರೆಯೇ ಇದೆಯೆಂಬುದನ್ನು ವಿವರಿಸಲಿಲ್ಲ.

ಬೇಸಿಗೆಯಲ್ಲಿ ಕೆರೆ ಬತ್ತಿದಾಗ ನಮ್ಮ ತಂದೆಯವರು ಗಾಡಿಯಲ್ಲಿ ಗೋಡು ತಂದು, ಹೊಂಗೆಸೊಪ್ಪು, ಕೊಟ್ಟಿಗೆಗೊಬ್ಬರದೊಡನೆ ತೆಂಗಿನ ಬುಡಕ್ಕೆ ಹಾಕುತ್ತಿದ್ದರು. ಮಳೆ ಹೊಲದಿಂದ ಕೊಚ್ಚಿ ಒಯ್ದ ಸಾರ ಹೀಗೆ ಹೊಲಕ್ಕೇ ಮರಳುತ್ತಿತ್ತು. ಕೆರೆಯ ಹೂಳೂ ಕಳೆಯುತ್ತಿತ್ತು. ಅವರ ತರುವಾಯ ನಾನು ಗೊಬ್ಬರದ ಚೀಲವನ್ನಷ್ಟೇ ನಂಬಿದೆ. ಮಣ್ಣು ಬಿರುಸಾಯಿತು, ಎರೆಹುಳು ಕಾಣದಾಯಿತು.

ನಿವೃತ್ತಿಯ ಬಳಿಕ ಹಿತ್ತಲಿಗೆ ಮತ್ತೆ ಗೋಡು, ಸೊಪ್ಪು, ಸಗಣಿ ಹಾಕಿಸಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಮಣ್ಣು ತೇವ ಹಿಡಿಯಿತು, ಎರೆಹುಳು ಬಂದವು. ಈಗ ದಂಟು, ನುಗ್ಗೆ, ಅವರೆ ಎಲ್ಲವೂ ಮನೆಯವೇ.

ವಿದ್ಯಾರ್ಥಿ ಮಿತ್ರರೇ, ಇಸವಿ ಮರೆತರೂ ಚಿಂತೆಯಿಲ್ಲ. ಊರಿನ ಕೆರೆಯನ್ನು ಮರೆಯದಿರಿ.