ಡ್ರಿಲ್ ಬಿಟ್‌ಗೆ ಮರದ ಪೆಟ್ಟಿಗೆ: ಅಳತೆ, ಮಾಡುವ ವಿಧಾನ, ಮಳೆಗಾಲದ ತುಕ್ಕಿಗೆ ತಡೆ

ಬಡಗಿಯ ಕೈಚೀಲ ಇರಲಿ, ಎಲೆಕ್ಟ್ರಿಷಿಯನ್ ಡಬ್ಬಿ ಇರಲಿ, ವೆಲ್ಡಿಂಗ್ ಶಾಪ್‌ನ ಟೇಬಲ್ ಡ್ರಾಯರ್ ಇರಲಿ, ಡ್ರಿಲ್ ಬಿಟ್‌ಗಳು ಸಾಮಾನ್ಯವಾಗಿ ಇರೋದು ಒಂದೇ ರೀತಿ. ಮೊಳೆ, ಸ್ಕ್ರೂ, ವಾಷರ್ ಜೊತೆ ಹಳೇ ಬಿಸ್ಕತ್ ಡಬ್ಬಿಯಲ್ಲಿ ರಾಶಿ. ಬೇಕಾದ ಸೈಜ್ ಬೇಕಾದ ಹೊತ್ತಿಗೆ ಸಿಗಲ್ಲ. ಸಿಕ್ಕಿದ್ದಕ್ಕೆ ತುದಿ ಮುರಿದಿರುತ್ತೆ, ಇಲ್ಲವೇ ತುಕ್ಕು ಹಿಡಿದಿರುತ್ತೆ. ಬಿಟ್ ಸವೆಯುವುದು ಕೆಲಸದಲ್ಲಿ. ಆದರೆ ಎಷ್ಟೋ ಬಿಟ್‌ಗಳು ಕೆಲಸ ಮಾಡದೇ ಡಬ್ಬಿಯಲ್ಲೇ ಹಾಳಾಗುತ್ತವೆ. ಒಂದು ಮರದ ತುಂಡು, ಎರಡು ಚದರ ಅಡಿ ಪ್ಲೈವುಡ್ ಇದ್ದರೆ ಇದನ್ನು ತಪ್ಪಿಸಬಹುದು. ಅಂಥ ಪೆಟ್ಟಿಗೆಯ ಅಳತೆ ಮತ್ತು ಮಾಡುವ ವಿಧಾನ ಇಲ್ಲಿದೆ.

ಡಬ್ಬಿಯಲ್ಲಿ ಬಿಟ್ ಯಾಕೆ ಹಾಳಾಗುತ್ತೆ?

ಕನ್ನಡದಲ್ಲಿ ತೂತು ಕೊರೆಯುವ ಸಾಧನಕ್ಕೆ ಬೈರಿಗೆ ಎಂಬ ಹಳೆಯ ಹೆಸರಿದೆ. ಈಗ ಎಲ್ಲೆಡೆ ಬಳಸುವ ಸುರುಳಿ ಆಕಾರದ ಬಿಟ್‌ಗೆ ಅಮೆರಿಕದ ಸ್ಟೀಫನ್ ಮೋರ್ಸ್ 1863ರಲ್ಲಿ ಪೇಟೆಂಟ್ ಪಡೆದರು. ಕೈಯಲ್ಲಿ ತಿರುಗಿಸುವ ಡ್ರಿಲ್ ಆಗಲಿ, ಕರೆಂಟ್ ಮಿಷನ್ ಆಗಲಿ, ದುಂಡು ಹಿಡಿಯ ಈ ಬಿಟ್ ಎರಡಕ್ಕೂ ನಡೆಯುತ್ತೆ.

ಕಬ್ಬಿಣ ಕೊರೆಯುವ ಎಚ್‌ಎಸ್‌ಎಸ್ ಬಿಟ್‌ನ ಉಕ್ಕು ಬಹಳ ಗಟ್ಟಿ. ಗಟ್ಟಿ ಇರುವುದರಿಂದಲೇ ಅದು ಬಾಗುವ ಬದಲು ಚೂರಾಗುತ್ತೆ. ಹತ್ತಾರು ಬಿಟ್ ಒಂದೇ ಡಬ್ಬಿಯಲ್ಲಿ ಬೈಕ್ ಮೇಲೆ ಅಲುಗಾಡಿಕೊಂಡು ಹೋದರೆ ಒಂದರ ಅಲಗಿಗೆ ಇನ್ನೊಂದು ಬಡಿದು ಅಂಚು ಹೋಗುತ್ತೆ. ಗೋಡೆ ಕೊರೆಯುವ ಬಿಟ್‌ನ ತುದಿಯಲ್ಲಿರುವ ಕಾರ್ಬೈಡ್ ತುಂಡಂತೂ ಒಂದು ಪೆಟ್ಟಿಗೇ ಚಕ್ಕೆ ಏಳಬಹುದು.

ಎರಡನೆಯದು ತುಕ್ಕು. ಕಬ್ಬಿಣ ತುಕ್ಕು ಹಿಡಿಯಲು ಗಾಳಿಯ ಜೊತೆ ತೇವ ಬೇಕು. ಶಿವಮೊಗ್ಗ, ಚಿಕ್ಕಮಗಳೂರು, ಕೊಡಗು, ಉತ್ತರ ಕನ್ನಡದ ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯಲ್ಲೇ ತೇವ ತುಂಬಿರುತ್ತೆ. ಬಿಟ್‌ನ ಸುರುಳಿ ಕಾಲುವೆಯಲ್ಲಿ ತುಕ್ಕು ಕೂತರೆ ಹೊಟ್ಟು ಸರಾಗವಾಗಿ ಹೊರಗೆ ಬರಲ್ಲ. ಉಜ್ಜಿ ಉಜ್ಜಿ ಬಿಸಿಯಾಗಿ ಬಿಟ್ ಇನ್ನಷ್ಟು ಬೇಗ ಮೊಂಡಾಗುತ್ತೆ. ಹಿಡಿಯ ಮೇಲೆ ತುಕ್ಕು ಬಂದರೆ ಅಲ್ಲಿ ಒತ್ತಿರುವ ಸೈಜ್ ನಂಬರ್ ಓದಲು ಬರಲ್ಲ.

ಅರ್ಧ ಮಿಲಿಮೀಟರ್ ತಪ್ಪಿದರೆ ಏನಾಗುತ್ತೆ?

5 ಮಿ.ಮೀ. ಮತ್ತು 5.5 ಮಿ.ಮೀ. ಬಿಟ್ ಪಕ್ಕಪಕ್ಕ ಇಟ್ಟರೂ ಬರಿಗಣ್ಣಿಗೆ ವ್ಯತ್ಯಾಸ ಸುಲಭವಾಗಿ ತಿಳಿಯಲ್ಲ. ಆದರೆ ಕೆಲಸದಲ್ಲಿ ತಿಳಿಯುತ್ತೆ. ಎಂ6 ಬೋಲ್ಟ್‌ಗೆ ಕಬ್ಬಿಣದಲ್ಲಿ ಮರೆ ಹೊಡೆಯಲು 5 ಮಿ.ಮೀ. ತೂತು ಬೇಕು. ಅಲ್ಲಿ 5.5 ಹೊಡೆದರೆ ಮರೆ ತೆಳುವಾಗಿ ಬೋಲ್ಟ್ ಬಿಗಿ ಮಾಡುವಾಗಲೇ ಕಿತ್ತು ಬರಬಹುದು. ಗೋಡೆಗೆ 6 ಮಿ.ಮೀ. ಪ್ಲಾಸ್ಟಿಕ್ ಪ್ಲಗ್ ಹಾಕುವ ಕಡೆ 7 ಹೊಡೆದರೆ ಪ್ಲಗ್ ತೂತಿನೊಳಗೇ ಸುತ್ತುತ್ತೆ, ಸ್ಕ್ರೂ ಹಿಡಿಯಲ್ಲ. ಮತ್ತೆ ಗಾರೆ ತುಂಬಬೇಕು, ಒಣಗಲು ಕಾಯಬೇಕು, ಗಿರಾಕಿಯ ಹತ್ತಿರ ಮಾತು ಕೇಳಬೇಕು.

ಇಂಚು ಮತ್ತು ಮಿಲಿಮೀಟರ್ ಗೊಂದಲವೂ ಇದೆ. ಬಡಗಿಗಳ ಲೆಕ್ಕದ ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು ಭಾಗ, ಅಂದರೆ ಸುಮಾರು 3.2 ಮಿ.ಮೀ. ಎರಡು ನೂಲಿನ ಬಿಟ್ 6.35 ಮಿ.ಮೀ. ಆಗುತ್ತೆ, 6 ಅಲ್ಲ. ಆದ್ದರಿಂದ ಪ್ರತಿ ಬಿಟ್‌ಗೂ ಅದರದೇ ತೂತು, ತೂತಿನ ಎದುರು ನಂಬರ್ ಇರುವುದು ಪೆಟ್ಟಿಗೆಯ ಮುಖ್ಯ ಉಪಯೋಗ.

ಬೇಕಾಗುವ ಸಾಮಾನು

ಈ ಅಳತೆ 1ರಿಂದ 10 ಮಿ.ಮೀ.ವರೆಗೆ ಅರ್ಧ ಅರ್ಧ ಮಿಲಿಮೀಟರ್ ಏರುವ 19 ಬಿಟ್‌ಗಳ ಸೆಟ್‌ಗೆ ಸರಿಹೋಗುತ್ತೆ. ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಸೆಟ್ ಇದು.

- ಬ್ಲಾಕ್‌ಗೆ ಒಣಗಿದ ಮರದ ತುಂಡು: ಉದ್ದ 200, ಅಗಲ 60, ದಪ್ಪ 40 ಮಿ.ಮೀ. 3 ಇಂಚು × 2 ಇಂಚಿನ ತುಂಡನ್ನು ಉಜ್ಜಿಕೊಂಡರೆ ಆಗುತ್ತೆ.
- 12 ಮಿ.ಮೀ. ಪ್ಲೈವುಡ್: ಸುಮಾರು ಎರಡು ಚದರ ಅಡಿ.
- ಮರದ ಅಂಟು (ಫೆವಿಕಾಲ್ ತರಹದ್ದು), 1 ಇಂಚಿನ ಸಣ್ಣ ಮೊಳೆ, ಒಂದೂಕಾಲು ಇಂಚಿನ 2 ಸ್ಕ್ರೂ.
- ಪಕ್ಕಕ್ಕೆ ಹಾಕಲು 2 ಸಣ್ಣ ಕೊಂಡಿ, ಮೇಲೆ ಒಂದು ಹಿಡಿಕೆ.
- ಉಪ್ಪು ಕಾಗದ, ವಾರ್ನಿಶ್, ಮೂಲೆಮಟ್ಟ, ಪೆನ್ಸಿಲ್.

ತೇಗ, ಹಲಸು, ಸಿಲ್ವರ್ ಓಕ್ ಹೀಗೆ ಬಾಗಿಲು, ಕಿಟಕಿ, ಪೀಠೋಪಕರಣ ಮಾಡಿ ಉಳಿದ ಯಾವ ತುಂಡಾದರೂ ಸಾಕು. ಹೊಸ ಮರ ತರಬೇಕಿಲ್ಲ. ಆದರೆ ತುಂಡು ಚೆನ್ನಾಗಿ ಒಣಗಿರಲೇಬೇಕು. ಹಸಿ ಮರ ತೇವದ ಜೊತೆಗೆ ಸ್ವಲ್ಪ ಆಮ್ಲದ ಆವಿಯನ್ನೂ ಬಿಡುತ್ತೆ. ಅಂಥ ಮರದ ಪೆಟ್ಟಿಗೆಯಲ್ಲಿ ಮುಚ್ಚಿಟ್ಟ ಬಿಟ್‌ಗೆ ಬಿಸ್ಕತ್ ಡಬ್ಬಿಗಿಂತ ಬೇಗ ತುಕ್ಕು ಬರಬಹುದು.

ಒಣಗಿದೆಯೋ ಇಲ್ಲವೋ ತಿಳಿಯಲು ಅಂಗಡಿಯ ತೂಕದ ಮಿಷನ್ ಸಾಕು. ತುಂಡನ್ನು ತೂಗಿ ತೂಕ ಬರೆದುಕೊಂಡು, ನೆರಳಲ್ಲಿ ಗಾಳಿಯಾಡುವ ಕಡೆ ಒಂದು ವಾರ ಇಟ್ಟು ಮತ್ತೆ ತೂಗಬೇಕು. ತೂಕ ಇಳಿದಿದ್ದರೆ ನೀರು ಇನ್ನೂ ಹೋಗುತ್ತಿದೆ ಅಂತ ಅರ್ಥ. ಎರಡು ಸಲ ತೂಗಿದಾಗ ಒಂದೇ ತೂಕ ಬಂದರೆ ಕೆಲಸ ಶುರು ಮಾಡಬಹುದು. ಮಳೆಗಾಲದಲ್ಲಿ ತೂಕ ಇಳಿಯುವುದೇ ಕಷ್ಟ, ಹಾಗಾಗಿ ಇದು ಬೇಸಿಗೆಯಲ್ಲಿ ಮಾಡಿಕೊಳ್ಳುವ ಕೆಲಸ.

ಪ್ಲೈವುಡ್‌ನಲ್ಲಿ ಎಂಆರ್ ಎನ್ನುವುದು ಅಗ್ಗದ ದರ್ಜೆ. ಅದಕ್ಕಿಂತ ಬಿಡಬ್ಲ್ಯೂಆರ್ ದರ್ಜೆ ನೀರನ್ನು ಚೆನ್ನಾಗಿ ತಡೆಯುತ್ತೆ. ಮಲೆನಾಡು, ಕರಾವಳಿಯಲ್ಲಿ ಎರಡನೆಯದೇ ಲೇಸು.

ಪ್ಲೈವುಡ್ ಕತ್ತರಿಸುವ ಅಳತೆ

- ಮುಂದಿನ, ಹಿಂದಿನ ಹಲಗೆ: 228 × 155 ಮಿ.ಮೀ., 2 ತುಂಡು
- ಪಕ್ಕದ ಹಲಗೆ: 64 × 155 ಮಿ.ಮೀ., 2 ತುಂಡು
- ಮೇಲಿನ ಹಲಗೆ: 228 × 88 ಮಿ.ಮೀ., 1 ತುಂಡು
- ತಳದ ಹಲಗೆ: 228 × 88 ಮಿ.ಮೀ., 1 ತುಂಡು

ಮೇಲೆ ಬಾಗಿಲಿರುವ ಆಳದ ಪೆಟ್ಟಿಗೆ ಮಾಡಿದರೆ ಸಣ್ಣ ಬಿಟ್‌ಗಳು ತಳದಲ್ಲಿ ಉಳಿದು ಬೆರಳಿಗೆ ಸಿಗಲ್ಲ. ಅದಕ್ಕೇ ಇಲ್ಲಿ ಬ್ಲಾಕ್ ತಳದ ಹಲಗೆ ಮೇಲೆ ಕೂರುತ್ತೆ, ಉಳಿದ ಐದು ಹಲಗೆಗಳು ಸೇರಿ ಒಂದು ಮುಚ್ಚಳ ಆಗುತ್ತೆ. ಮುಚ್ಚಳ ಎತ್ತಿ ಪಕ್ಕಕ್ಕಿಟ್ಟರೆ 19 ಬಿಟ್‌ಗಳೂ ಕಣ್ಣೆದುರು ನಿಂತಿರುತ್ತವೆ.

ಬ್ಲಾಕ್‌ನಲ್ಲಿ ತೂತು ಹೊಡೆಯುವುದು

ಬ್ಲಾಕ್ ಮೇಲೆ ಉದ್ದಕ್ಕೆ ಎರಡು ಗೆರೆ ಎಳೆಯಬೇಕು. ಒಂದು ಮುಂದಿನ ಅಂಚಿನಿಂದ 18 ಮಿ.ಮೀ., ಇನ್ನೊಂದು 42 ಮಿ.ಮೀ. ದೂರದಲ್ಲಿ.

ಮುಂದಿನ ಗೆರೆಯಲ್ಲಿ ಎಡ ತುದಿಯಿಂದ 10 ಮಿ.ಮೀ. ಬಿಟ್ಟು, ಆಮೇಲೆ 20 ಮಿ.ಮೀ.ಗೆ ಒಂದರಂತೆ 10 ಗುರುತು. ಇವು 1ರಿಂದ 5.5 ಮಿ.ಮೀ. ಬಿಟ್‌ಗಳಿಗೆ. ಹಿಂದಿನ ಗೆರೆಯಲ್ಲಿ ತುದಿಯಿಂದ 20 ಮಿ.ಮೀ. ಬಿಟ್ಟು, 20 ಮಿ.ಮೀ.ಗೆ ಒಂದರಂತೆ 9 ಗುರುತು. ಇವು 6ರಿಂದ 10 ಮಿ.ಮೀ. ಬಿಟ್‌ಗಳಿಗೆ. ಹೀಗೆ ಮಾಡಿದಾಗ ಹಿಂದಿನ ತೂತು ಮುಂದಿನ ಎರಡು ತೂತುಗಳ ನಡುವೆ ಬರುತ್ತೆ, ಬೆರಳಿಗೆ ಜಾಗ ಸಿಗುತ್ತೆ. ಪ್ರತಿ ಗುರುತಿಗೂ ಮೊಳೆಯ ತುದಿಯಿಂದ ಒಂದು ಚುಕ್ಕೆ ಹೊಡೆದುಕೊಂಡರೆ ಬಿಟ್ ಜಾರಲ್ಲ.

ಯಾವ ತೂತಿಗೆ ಯಾವ ಬಿಟ್? ಇಲ್ಲೇ ಹೆಚ್ಚಿನವರು ತಪ್ಪೋದು. 5 ಮಿ.ಮೀ. ಬಿಟ್ ಇಡುವ ತೂತನ್ನು 5 ಮಿ.ಮೀ. ಬಿಟ್‌ನಿಂದಲೇ ಕೊರೆದರೆ ಬೇಸಿಗೆಯಲ್ಲಿ ಸರಿಯಾಗಿ ಕೂರುತ್ತೆ. ಮಳೆಗಾಲದಲ್ಲಿ ಮರ ಉಬ್ಬಿದಾಗ ಬಿಟ್ ಅಲ್ಲೇ ಸಿಕ್ಕಿಕೊಂಡು ಇಕ್ಕಳ ಹಾಕಿ ಎಳೆಯಬೇಕಾಗುತ್ತೆ. ಹಾಗಾಗಿ ಪ್ರತಿ ತೂತನ್ನೂ ಒಂದು ಸೈಜ್ ದೊಡ್ಡ ಬಿಟ್‌ನಿಂದ ಕೊರೆಯಬೇಕು. 1 ಮಿ.ಮೀ. ಬಿಟ್ ಇಡಲು 1.5, 5 ಇಡಲು 5.5, 9.5 ಇಡಲು 10. ಅಂದರೆ ಸೆಟ್ ತನ್ನ ಪೆಟ್ಟಿಗೆಯನ್ನು ತಾನೇ ಮಾಡಿಕೊಳ್ಳುತ್ತೆ. ಕೊನೆಯ 10 ಮಿ.ಮೀ. ತೂತನ್ನು ಮಾತ್ರ 10ರಿಂದಲೇ ಕೊರೆದು, ಉಪ್ಪು ಕಾಗದವನ್ನು ಪೆನ್ಸಿಲ್‌ಗೆ ಸುತ್ತಿ ಒಳಗೆ ಉಜ್ಜಿ ಸಡಿಲ ಮಾಡಿಕೊಳ್ಳಬೇಕು.

ತೂತಿನ ಆಳವೂ ಒಂದೇ ಇರಬಾರದು. ಸಾಮಾನ್ಯ ಸೆಟ್‌ನಲ್ಲಿ 1 ಮಿ.ಮೀ. ಬಿಟ್‌ನ ಒಟ್ಟು ಉದ್ದ 34 ಮಿ.ಮೀ. ಅಷ್ಟೇ, 10 ಮಿ.ಮೀ. ಬಿಟ್‌ನದ್ದು 133.

- 1ರಿಂದ 2 ಮಿ.ಮೀ. ಬಿಟ್‌ಗೆ: 15 ಮಿ.ಮೀ. ಆಳ
- 2.5ರಿಂದ 5.5 ಮಿ.ಮೀ. ಬಿಟ್‌ಗೆ: 20 ಮಿ.ಮೀ. ಆಳ
- 6ರಿಂದ 10 ಮಿ.ಮೀ. ಬಿಟ್‌ಗೆ: 30 ಮಿ.ಮೀ. ಆಳ

ಆಳ ಗೊತ್ತಾಗಲು ಕೊರೆಯುವ ಬಿಟ್‌ಗೆ ಅಷ್ಟು ಅಳತೆಯಲ್ಲಿ ಇನ್ಸುಲೇಶನ್ ಟೇಪ್ ಸುತ್ತಿಕೊಳ್ಳಬೇಕು. ಟೇಪ್ ಮರ ಮುಟ್ಟಿದ ಕೂಡಲೇ ನಿಲ್ಲಿಸಬೇಕು. ಬ್ಲಾಕ್ ಪಕ್ಕದಲ್ಲಿ ಮೂಲೆಮಟ್ಟ ನಿಲ್ಲಿಸಿಕೊಂಡರೆ ತೂತು ನೇರ ಬರುತ್ತೆ. ಸಣ್ಣ ಬಿಟ್‌ಗಳನ್ನು ಒತ್ತಬಾರದು, ಆಗಾಗ ಹೊರಗೆಳೆದು ಹೊಟ್ಟು ತೆಗೆಯಬೇಕು. ಗಟ್ಟಿ ಮರದಲ್ಲಿ ದೊಡ್ಡ ತೂತಿಗೆ ಮೊದಲು 5 ಮಿ.ಮೀ. ಹೊಡೆದು ಆಮೇಲೆ ದೊಡ್ಡದು ಹಾಕಿದರೆ ಮಿಷನ್‌ಗೆ ಭಾರ ಆಗಲ್ಲ.

ಬ್ಲಾಕನ್ನು ಕೈಯಲ್ಲಿ ಹಿಡಿದು ಕೊರೆಯುವುದು ಅಪಾಯ, ಕ್ಲ್ಯಾಂಪ್ ಹಾಕಿ ಬಿಗಿಯಬೇಕು. ತಿರುಗುವ ಮಿಷನ್ ಹತ್ತಿರ ಬಟ್ಟೆಯ ಗ್ಲೌಸ್, ಹೆಗಲ ಮೇಲಿನ ಟವೆಲ್, ಸಡಿಲ ತೋಳು ಇರಬಾರದು. ಕಣ್ಣಿಗೆ ಕನ್ನಡಕ ಇರಲಿ.

ಜೋಡಿಸುವುದು

ತಳದ ಹಲಗೆಯ ಮಧ್ಯಕ್ಕೆ ಬ್ಲಾಕ್ ಇಟ್ಟರೆ ಸುತ್ತಲೂ 14 ಮಿ.ಮೀ. ಉಳಿಯುತ್ತೆ. 12 ಮಿ.ಮೀ. ಮುಚ್ಚಳದ ಹಲಗೆಗೆ, 2 ಮಿ.ಮೀ. ಮರ ಉಬ್ಬಿದರೂ ಮುಚ್ಚಳ ಸಿಕ್ಕಿಕೊಳ್ಳದಿರಲು. ತಳದ ಕೆಳಗಿನಿಂದ ಎರಡು ಸ್ಕ್ರೂ ಹಾಕಬೇಕು. ಸ್ಕ್ರೂಗಳು ಎರಡು ಸಾಲಿನ ನಡುವಿನ ಗೆರೆಯಲ್ಲೇ ಬರಬೇಕು, ಇಲ್ಲದಿದ್ದರೆ ತೂತಿನೊಳಗೆ ತೂರುತ್ತವೆ. ಸ್ಕ್ರೂ ತಲೆ ಹಲಗೆಯೊಳಗೆ ಇಳಿಯುವಂತೆ ಬಾಯಿ ಅಗಲ ಮಾಡಿಕೊಂಡರೆ ಮೇಜು ಗೀರಾಗಲ್ಲ.

ಮುಚ್ಚಳಕ್ಕೆ ಪಕ್ಕದ ಹಲಗೆಗಳು ಮುಂದಿನ, ಹಿಂದಿನ ಹಲಗೆಗಳ ಒಳಗೆ ಬರುತ್ತವೆ. ಅಂಟು ಹಚ್ಚಿ ಮೊಳೆ ಹೊಡೆದ ಮೇಲೆ, ಅಂಟು ಒಣಗುವ ಮೊದಲೇ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆಯಬೇಕು. ಎರಡೂ ಸಮ ಬಂದರೆ ಮುಚ್ಚಳ ಚೌಕ ಇದೆ. ಆಮೇಲೆ ಮೇಲಿನ ಹಲಗೆ. ಎಲ್ಲ ಸೇರಿದಾಗ ಒಳಗಿನ ಎತ್ತರ 155 ಮಿ.ಮೀ. ಅತಿ ಉದ್ದದ 10 ಮಿ.ಮೀ. ಬಿಟ್ ತಳದಿಂದ 143 ಮಿ.ಮೀ. ಎತ್ತರ ನಿಲ್ಲುತ್ತೆ, ಮುಚ್ಚಳಕ್ಕೆ ತಾಗಲ್ಲ. ಎರಡು ಪಕ್ಕಕ್ಕೂ ಕೊಂಡಿ, ಮೇಲೆ ಹಿಡಿಕೆ ಹಾಕಿದರೆ ಪೆಟ್ಟಿಗೆ ತಯಾರು.

ಬಿಟ್‌ಗಳ ತುದಿ ಮೇಲೆ, ಹಿಡಿ ಕೆಳಗೆ ಇರಬೇಕು. ತುದಿ ತೂತಿನ ತಳಕ್ಕೆ ಬಡಿಯಲ್ಲ, ಮೊಂಡಾಗಿದ್ದರೆ ನೋಡಿದ ಕೂಡಲೇ ತಿಳಿಯುತ್ತೆ. ಆದರೆ ಚೂಪು ತುದಿಗಳು ಮೇಲಿರುವುದರಿಂದ ಮಕ್ಕಳ ಕೈಗೆ ಸಿಗದಂತೆ ಮುಚ್ಚಳ ಹಾಕೇ ಇಡಬೇಕು.

ನಂಬರ್ ಬರೆಯಲು ಸ್ಟಿಕರ್ ಬೇಡ, ಎಣ್ಣೆ ಕೈ ತಾಗಿದರೆ ಏಳುತ್ತೆ. ಮರದ ಮೇಲೆ ಪೆನ್ಸಿಲ್‌ನಲ್ಲಿ ದಪ್ಪಕ್ಕೆ ಬರೆದು ಅದರ ಮೇಲೆ ವಾರ್ನಿಶ್ ಎಳೆದರೆ ಅಳಿಯಲ್ಲ. ವಾರ್ನಿಶ್ ವಾಸನೆ ಪೂರ್ತಿ ಹೋಗುವವರೆಗೆ ಕೆಲವು ದಿನ ಮುಚ್ಚಳ ತೆಗೆದಿಟ್ಟು, ಆಮೇಲೆ ಬಿಟ್ ಇಡಬೇಕು.

ತುಕ್ಕು ಬಾರದಿರಲು

ಪೆಟ್ಟಿಗೆ ತೇವವನ್ನು ಪೂರ್ತಿ ತಡೆಯಲ್ಲ. ಕೆಲಸ ಮುಗಿದ ಮೇಲೆ ಬಿಟ್ ಒರೆಸಿ, ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಟ್ಟೆಗೆ ಹಾಕಿ ಸವರಿ ಇಡಬೇಕು. ತೂತಿಗೆ ಎಣ್ಣೆ ಸುರಿಯಬಾರದು, ಹೊಟ್ಟು ಅಂಟಿ ಕೆಸರಾಗುತ್ತೆ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ದಿನ ಕಳೆದಂತೆ ಕಮಟಾಗಿ ಜಿಡ್ಡಾಗುತ್ತವೆ. ಹೊಸ ಚಪ್ಪಲಿ, ಎಲೆಕ್ಟ್ರಾನಿಕ್ ಸಾಮಾನಿನ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಮುಚ್ಚಳದ ಒಳಗೆ ಅಂಟಿಸಿದರೆ ಸ್ವಲ್ಪ ತೇವ ಹೀರುತ್ತೆ.

ಗೋಡೆ ಕೊರೆಯುವ ಬಿಟ್‌ಗಳಿಗೆ ಬೇರೆ ಬ್ಲಾಕ್ ಇರಲಿ. ಅವುಗಳಿಗೆ ಅಂಟಿದ ಸಿಮೆಂಟ್ ಧೂಳು ಉಳಿದ ಬಿಟ್‌ಗಳ ಮೇಲೆ ಕೂರುತ್ತೆ, ತೇವ ಹಿಡಿಯುತ್ತೆ. ಅವುಗಳ ತುದಿ ಹಿಡಿಗಿಂತ ದಪ್ಪ ಇರುವುದರಿಂದ ತೂತನ್ನು ಹಿಡಿಯ ಅಳತೆಗೆ ಕೊರೆಯಬೇಕು. ಹ್ಯಾಮರ್ ಮಿಷನ್‌ನ ಎಸ್‌ಡಿಎಸ್ ಪ್ಲಸ್ ಬಿಟ್‌ಗಳ ಹಿಡಿ ಯಾವ ಸೈಜ್ ಆದರೂ 10 ಮಿ.ಮೀ. ಇರುತ್ತೆ, ಆ ಬ್ಲಾಕ್‌ಗೆ ಎಲ್ಲ ತೂತೂ 11 ಮಿ.ಮೀ. ಆದರೆ ಸಾಕು.

ಅಂಗಡಿಯವರಿಗೆ

ಬಿಡಿಯಾಗಿ ಬಿಟ್ ಮಾರುವ ಹಾರ್ಡ್‌ವೇರ್ ಅಂಗಡಿಗೂ ಇದೇ ಲೆಕ್ಕ ಬರುತ್ತೆ. ಅಗಲದ ಹಲಗೆಯಲ್ಲಿ ಒಂದು ಸೈಜ್‌ಗೆ ಒಂದು ಸಾಲು, ಸಾಲಿಗೆ 10 ತೂತು. ಎಷ್ಟು ತೂತು ಖಾಲಿಯೋ ಅಷ್ಟು ಮಾರಿದೆ, ಅಷ್ಟೇ ತರಿಸಬೇಕು. ಎಣಿಸಲು ಡಬ್ಬಿ ಸುರುವಬೇಕಿಲ್ಲ. ಬೇಗ ಮುರಿಯುವ 3 ಮಿ.ಮೀ. ಒಳಗಿನ ಸೈಜ್‌ಗಳಿಗೆ ಎರಡು ಸಾಲು ಇಟ್ಟುಕೊಳ್ಳಬಹುದು. 5 ಕೇಳಿದ ಗಿರಾಕಿಗೆ 5.5 ಹೋಗಿ, ಅದು ಮರುದಿನ ವಾಪಸ್ ಬರುವುದೂ ತಪ್ಪುತ್ತೆ.

ಕೆಲಸಗಾರರಿಗೂ ಖಾಲಿ ತೂತೇ ಲೆಕ್ಕದ ಪುಸ್ತಕ. ಸಂಜೆ ಸೈಟ್‌ನಿಂದ ಹೊರಡುವ ಮೊದಲು ಮುಚ್ಚಳ ಹಾಕುವಾಗ ಒಮ್ಮೆ ನೋಡಿದರೆ ಸಾಕು. 19ರಲ್ಲಿ ಒಂದು ತೂತು ಖಾಲಿ ಕಂಡರೆ ಆ ಬಿಟ್ ಇನ್ನೂ ಅಲ್ಲೇ ಎಲ್ಲೋ ಬಿದ್ದಿರುತ್ತೆ, ಹುಡುಕಿದರೆ ಸಿಗುತ್ತೆ.