ಗೇರಿನ ಕೋಲು

ನಮ್ಮ ಸಾಲಿಗ್ರಾಮದ ಕಡೆ ಗೇರು ಎಂದರೆ ಹಾಡಿಯಲ್ಲಿ ಬೆಳೆಯುವ ಗೇರುಮರ, ಅದರ ಹಣ್ಣು, ಬೀಜ. ಅಪ್ಪಯ್ಯನ ಅಂಬಾಸಿಡರ್ ಕಾರಿನಲ್ಲೂ ಗೇರು ಇದೆಯೆಂದು ಕೇಳಿ ನಾನು ಚಿಕ್ಕಂದಿನಲ್ಲಿ ಸೀಟಿನ ಅಡಿಯಲ್ಲೆಲ್ಲ ತಡಕಾಡಿದ್ದುಂಟು. ಸಿಕ್ಕಿದ್ದು ಸ್ಟಿಯರಿಂಗ್ ಚಕ್ರದ ಕೆಳಗೆ ಪಕ್ಕಕ್ಕೆ ಚಾಚಿಕೊಂಡ ಒಂದು ಕೋಲು ಮಾತ್ರ.

ಆ ಕೋಲು ಮತ್ತೆ ನೆನಪಾದದ್ದು ಕಳೆದ ವರ್ಷ. ಅಮೆರಿಕದಲ್ಲಿರುವ ಅಣ್ಣನ ಮಗ ತನ್ನ ಹಳೆಯ ಮಾಜ್ದಾ ಮಿಯಾಟಾ ಕಾರಿಗೆ 'ಶಾರ್ಟ್ ಶಿಫ್ಟರ್' ಹಾಕುವುದನ್ನು ಫೋನಿನಲ್ಲೇ ತೋರಿಸಿದ. 1989ರಲ್ಲಿ ಮಾರುಕಟ್ಟೆಗೆ ಬಂದ, ಇಬ್ಬರೇ ಕೂರುವ ಸ್ಪೋರ್ಟ್ಸ್ ಕಾರದು. ಗೇರಿನ ಗುಂಡನ್ನು ತಿರುಗಿಸಿ ತೆಗೆದ, ನಡುವಿನ ಪೆಟ್ಟಿಗೆಯನ್ನೂ ರಬ್ಬರ್ ಹೊದಿಕೆಗಳನ್ನೂ ಬಿಚ್ಚಿದ, ಮೂರು ಬೋಲ್ಟು ಕಳಚಿ ಕೋಲನ್ನು ಮೇಲಕ್ಕೆಳೆದ. ತಳದ ಗುಳಿಯಲ್ಲಿದ್ದ ಹಳೆಯ ಎಣ್ಣೆ ತೆಗೆದು ಹೊಸತು ಹೊಯ್ದ, ಸವೆದ ಬುಷ್ ಬದಲಿಸಿದ, ಹೊಸ ಕೋಲು ಇಳಿಸಿದ. "ಅತ್ತೆ, ಇನ್ನು ಮಣಿಕಟ್ಟು ಅಲುಗಿಸಿದ್ರೆ ಸಾಕು" ಎಂದ.

ನಾನು ಇತಿಹಾಸ ಕಲಿಸುವವಳು, ಯಂತ್ರ ನನ್ನ ವಿಷಯವಲ್ಲ. ಆದರೆ ಬಾವಿಯ ಏತ ನೋಡಿ ಬೆಳೆದವರಿಗೆ ಇದು ಕಷ್ಟವಲ್ಲ. ಗೇರಿನ ಕೋಲೂ ಒಂದು ಸನ್ನೆಕೋಲು. ನಡುವೆ ಗುಂಡಗಿನ ಆಧಾರ, ಮೇಲೆ ಉದ್ದದ ಭಾಗ, ಕೆಳಗೆ ಗಿಡ್ಡ ಭಾಗ. ಲೆಕ್ಕಕ್ಕೆಂದು ಮೇಲೆ 24 ಸೆಂಟಿಮೀಟರ್, ಕೆಳಗೆ 6 ಎನ್ನೋಣ. ಕೆಳತುದಿ 2 ಸೆಂಟಿಮೀಟರ್ ಸರಿಯಬೇಕಾದರೆ ಕೈ 8 ಸೆಂಟಿಮೀಟರ್ ಸರಿಯಬೇಕು. ಕೆಳಗಿನ ಭಾಗವನ್ನು 8ಕ್ಕೆ ಉದ್ದ ಮಾಡಿದರೆ ಕೈಗೆ 6 ಸಾಕು. ಆದರೆ ಬಲ ಮೂರನೆಯ ಒಂದು ಪಾಲು ಹೆಚ್ಚು ಹಾಕಬೇಕು. ದಾರಿ ಉಳಿದಷ್ಟು ಶ್ರಮ ಕೂಡುತ್ತದೆ. ಅದೂ ಅಲ್ಲದೆ ಗೇರ್ ಬಾಕ್ಸಿನೊಳಗೆ ಹಲ್ಲುಗಳ ವೇಗ ಸರಿಹೊಂದಿಸುವ ಸಿಂಕ್ರೋಮೆಶ್ ಉಂಗುರಗಳಿವೆಯಲ್ಲ, 1928ರಲ್ಲಿ ಕ್ಯಾಡಿಲಾಕ್ ಕಂಪನಿ ತಂದದ್ದು, ಅವುಗಳಿಗೆ ತಮ್ಮ ಕೆಲಸಕ್ಕೆ ಒಂದು ಕ್ಷಣವಾದರೂ ಬೇಕು. ಕೈ ಅವಸರ ಮಾಡಿದರೆ ಅವು ಬೇಗ ಸವೆಯುತ್ತವೆ.

ಗೇರು ಸ್ಟಿಯರಿಂಗಿಗೆ ಏರಿದ ಕತೆಯಲ್ಲೂ ಕ್ಯಾಡಿಲಾಕ್ ಇದೆ. 1938ರಲ್ಲಿ ಅದು ನೆಲದ ಕೋಲನ್ನು ಕಿತ್ತು ಚಕ್ರದ ಕೆಳಗಿಟ್ಟಿತು. ಮುಂದಿನ ಉದ್ದ ಸೀಟಿನಲ್ಲಿ ಮೂವರು ಆರಾಮವಾಗಿ ಕೂರಲೆಂದು ಇತರ ಕಂಪನಿಗಳೂ ಹಾಗೇ ಮಾಡಿದವು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂಲಕ ಅದೇ ಏರ್ಪಾಟು 1950ರ ದಶಕದ ಕೊನೆಗೆ ಉತ್ತರಪಾಡಾದ ಅಂಬಾಸಿಡರಿಗೂ ಬಂತು. ಬೊಂಬಾಯಿಯ ಫಿಯೆಟ್ಟಿನಲ್ಲೂ ಇದ್ದದ್ದು ಅದೇ. ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡಿನಲ್ಲಿ ಮಾತ್ರ ಗೇರು ನೆಲದಲ್ಲಿತ್ತು. ಅದು ಬಾಡಿಗೆಯವರ ಕಾರಲ್ಲ.

ಮೂವರು ಎಂದದ್ದು ಅಮೆರಿಕದವರ ಲೆಕ್ಕ. ಅಪ್ಪಯ್ಯ ಸಾಲಿಗ್ರಾಮದಿಂದ ಉಡುಪಿಗೆ ಸರ್ವಿಸ್ ಕಾರು ಓಡಿಸುತ್ತಿದ್ದಾಗ ಅವರನ್ನೂ ಸೇರಿಸಿ ಮುಂದೆ ನಾಲ್ವರು ಇರುತ್ತಿದ್ದರು. ಕಾನೂನು ಏನು ಹೇಳುತ್ತಿತ್ತೆಂಬುದು ಬೇರೆ ಮಾತು. ಆ ಜನರ ಮೊಣಕಾಲಿನ ಮೇಲೆ ಅವರ ಎಡಗೈ ದಿನವಿಡೀ ಎಳೆದು ತಳ್ಳುತ್ತಿತ್ತು. ಕೋಲಿನಿಂದ ಗೇರ್ ಬಾಕ್ಸಿನವರೆಗೆ ಕಂಬಿ, ಕೀಲು, ಬುಷ್ಷುಗಳ ಸರಪಳಿಯೇ ಇತ್ತು. ಅವು ಸವೆದಂತೆಲ್ಲ ಕೈಯ ಓಟ ಹೆಚ್ಚು, ಗೇರು ಬೀಳುವುದು ಕಡಿಮೆ. ಒಮ್ಮೆ ಮಾಬುಕಳದ ಸೇತುವೆಯ ಮೇಲೆ ಎರಡು ಗೇರುಗಳ ನಡುವೆ ಸಿಕ್ಕಿಕೊಂಡು ಕಾರು ನಿಂತೇಬಿಟ್ಟಿತು. ಹಿಂದೆ ಬಸ್ಸು, ಲಾರಿಗಳ ಹಾರನ್. ಅಪ್ಪಯ್ಯ ಬಾನೆಟ್ಟು ಎತ್ತಿ ಕಾದ ಎಂಜಿನ್ನಿನ ಪಕ್ಕ ಕೈ ತೂರಿಸಿ ಕಂಬಿಯನ್ನು ಸರಿಸಿದರು. ಮುಂಗೈ ಸುಟ್ಟಿತ್ತು. ನಾನು ಹಿಂದಿನ ಸೀಟಿನಲ್ಲಿದ್ದೆ.

1989ರ ಹೊತ್ತಿಗೆ ಅವರ ಎಡಭುಜ ಹಿಡಿದುಕೊಂಡಿತ್ತು. ರಾತ್ರಿ ಊಟಕ್ಕೆ ಕೂತಾಗ "ಕೈ ಎತ್ತೂಕ್ ಆತಿಲ್ಲೆ" ಎನ್ನುತ್ತಿದ್ದರು. ಆಗ ಹಲವು ಗ್ಯಾರೇಜುಗಳಲ್ಲಿ ಇಂಥ ಕಾರುಗಳ ಗೇರನ್ನು ನೆಲಕ್ಕೆ ಇಳಿಸಿಕೊಡುತ್ತಿದ್ದರು. 1983ರ ಕೊನೆಗೆ ಬಂದ ಮಾರುತಿಯ ನೆಲದ ಗೇರು ಕಂಡ ಮೇಲೆ ಎಲ್ಲರಿಗೂ ಅದೇ ಆಸೆ. ಅಪ್ಪಯ್ಯನೂ ಕುಂದಾಪುರದಲ್ಲಿ ಎರಡು ದಿನ ಕಾರು ಬಿಟ್ಟರು. ಹಳೆಯ ಕಂಬಿಗಳನ್ನು ಕಿತ್ತು, ನೆಲದ ತಗಡು ಕೊರೆದು, ಗೇರ್ ಬಾಕ್ಸಿನ ಹತ್ತಿರವೇ ಹೊಸ ಕೋಲು ನಿಲ್ಲಿಸಿದರು.

ಗೇರು ಬೆಣ್ಣೆಯ ಹಾಗೆ ಬೀಳತೊಡಗಿತು, ಭುಜದ ನೋವು ಅರ್ಧಕ್ಕಿಳಿಯಿತು. ಆದರೆ ಮುಂದಿನ ಸೀಟಿನ ನಡುವೆ ಕೋಲು ಎದ್ದು ನಿಂತಿತ್ತು. ಅದಕ್ಕೆ ಆಚೀಚೆ ಕಾಲಿಟ್ಟು ಕೂರಲು ಯಾರು ಒಪ್ಪುತ್ತಾರೆ? ಹೆಂಗಸರಂತೂ ಆ ಕಡೆ ಸುಳಿಯಲಿಲ್ಲ. ತಗಡು ಕೊರೆದಲ್ಲಿ ರಬ್ಬರು ಸರಿಯಾಗಿ ಕೂರದೆ ಬೇಸಿಗೆಯಲ್ಲಿ ಬಿಸಿಗಾಳಿ, ಮಳೆಗಾಲದಲ್ಲಿ ಕೆಸರು. ಅಮ್ಮ ದಿನದ ದುಡ್ಡು ಎಣಿಸುವಾಗ ಅಪ್ಪಯ್ಯ ಹೇಳಿದ್ದು ಇಷ್ಟೇ: "ಒಂದ್ ಸೀಟ್ ಹೋಯ್ತ್." ಹೋಗಿ ಬರುವ ಒಂದೊಂದು ಸಲಕ್ಕೂ ಒಬ್ಬೊಬ್ಬರ ಬಾಡಿಗೆ ಕಡಿಮೆ. ನನ್ನ ಬಿ.ಇಡಿ. ಫೀಸಿನ ವರ್ಷವದು. ಅಮ್ಮನ ಎರಡು ಬಳೆ ಸೊಸೈಟಿಗೆ ಅಡವಿಗೆ ಹೋದವು. ಗೇರು ಇಳಿಸಿದ್ದಕ್ಕೂ ಬಳೆಗೂ ಸಂಬಂಧವಿದೆಯೆಂದು ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಲಿಲ್ಲ.

1990ರ ದಶಕದ ಆರಂಭದಲ್ಲಿ ಇಸುಜು ಎಂಜಿನ್ನಿನ ಅಂಬಾಸಿಡರಿಗೆ ಐದು ಗೇರು ಬಂತು, ಮುಂದೆ ಬಿಡಿಬಿಡಿ ಸೀಟೂ ಸಿಗುವಂತಾಯಿತು. 2014ರಲ್ಲಿ ಕಾರು ತಯಾರಾಗುವುದೇ ನಿಂತಿತು. ಅಪ್ಪಯ್ಯ ಅದಕ್ಕೆ ಎಷ್ಟೋ ಮೊದಲೇ ತಮ್ಮದನ್ನು ಮಾರಿದ್ದರು. ಕೊಳ್ಳಲು ಬಂದವನು ಎಂಜಿನ್ ನೋಡುವ ಮೊದಲೇ ಮುಂದಿನ ಸೀಟಿನ ನಡುವೆ ಕೂತು ಕಾಲು ಚಾಚಲು ನೋಡಿದ. ಕೋಲು ಅಡ್ಡ ಬಂತು. "ಇದನ್ನ ಮೊದಲಿನ ಹಾಂಗೆ ಮೇಲೆ ಮಾಡೂಕೆ ಎಷ್ಟ್ ಖರ್ಚಾತ್?" ಎಂದು ಕೇಳಿ, ಅಷ್ಟನ್ನು ಹಿಡಿದುಕೊಂಡೇ ರೇಟು ಹೇಳಿದ.